ರಥವನ್ನು ಹಿಂದಿರುಗಿಸುವ ಕರುಣೆ

ಅಹಿಂಸೆ ಜೈನರ ಮೊದಲ ವ್ರತ. ಸೋಸಿದ ನೀರನ್ನೇ ಕುಡಿಯುವುದು, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವುದು, ಕಂದಮೂಲಗಳನ್ನು ತ್ಯಜಿಸುವುದು ಇವೆಲ್ಲ ಆ ವ್ರತವನ್ನು ಕಾಯುವ ಬೇಲಿಗಳು. ಬೇಲಿ ಭದ್ರವಾಗಿದ್ದರೂ ಒಳಗಿನ ಬೆಳೆ ಒಣಗಿರಬಹುದೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ, ಚಂದ್ರಂಪಳ್ಳಿ ಜಲಾಶಯದ ದಂಡೆಯ ಮೇಲೆ.

ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿಯನ್ನು ನಮ್ಮ ಭಾಗದವರಿಗೆ ಪರಿಚಯಿಸಬೇಕಾಗಿಲ್ಲ. ಸುಣ್ಣಕಲ್ಲಿನ ಗಣಿ, ಸಿಮೆಂಟಿನ ಧೂಳು, ತೊಗರಿಯ ಹೊಲಗಳನ್ನು ಕಂಡು ದಣಿದ ಕಣ್ಣಿಗೆ ಅಲ್ಲಿನ ನೀರು ಮತ್ತು ಗುಡ್ಡದ ಹಸಿರು ತಂಪೆರೆಯುತ್ತವೆ. 2011ರಲ್ಲಿ ಚಿಂಚೋಳಿಯ ಕಾಡು ವನ್ಯಜೀವಿಧಾಮವೆಂದು ಘೋಷಿತವಾಯಿತು. ಕೃಷ್ಣಮೃಗ, ತೋಳ, ಕತ್ತೆಕಿರುಬಗಳಿಗೆ ಅದು ಆಶ್ರಯ. ನಿವೃತ್ತನಾದ ಬಳಿಕ ಒಮ್ಮೆ ಗೆಳೆಯರೊಡನೆ ಅಲ್ಲಿಗೆ ಹೋಗಿದ್ದೆ. ನಮ್ಮನ್ನು ಕರೆದೊಯ್ದ ಜೀಪಿನ ಚಾಲಕ ನನ್ನ ಹಳೆಯ ವಿದ್ಯಾರ್ಥಿ. ಗುರುತು ಹಿಡಿದು ಕಾಲಿಗೆರಗಿದ. ನನಗೆ ಅವನಿಗಿಂತ ಮೊದಲು ಅವನ ಅಂಗೈ ನೆನಪಾಯಿತು.

ಮೂವತ್ತು ವರ್ಷಗಳ ಹಿಂದಿನ ಮಾತು. ಶಾಲೆಯ ಅಂಗಳದ ಬೇವಿನ ಮರದಲ್ಲಿ ಬೆಳವದ ಹಕ್ಕಿ ಗೂಡು ಕಟ್ಟಿತ್ತು. ಈ ಹುಡುಗ ಕಲ್ಲು ಬೀರಿದ. ಗೂಡು ಉರುಳಿ ಮೊಟ್ಟೆಗಳು ಒಡೆದವು. ಜೀವದಯೆಯನ್ನು ಕಲಿಸುತ್ತೇನೆಂದು ನಾನು ಬೆತ್ತ ಹಿಡಿದೆ. ಎಷ್ಟು ಏಟು ಕೊಟ್ಟೆನೆಂಬ ಲೆಕ್ಕ ಇರಲಿಲ್ಲ. ಮೊದಲ ಏಟಿನಲ್ಲಿ ಹಕ್ಕಿಯ ನೋವು ಇತ್ತೋ ಏನೋ, ಆಮೇಲಿನವುಗಳಲ್ಲಿ ಇದ್ದುದು ನನ್ನ ಕೋಪ ಮಾತ್ರ.

ಜಲಾಶಯದ ದಂಡೆಯ ಮೇಲೆ ನಾನಾಗಿಯೇ ಆ ಪ್ರಸಂಗವನ್ನು ಎತ್ತಿದೆ. ಅವನು ನಕ್ಕ. “ಯಾಕ ಹೊಡದಿರಿ ಅನ್ನೋದು ಮರತೀನ್ರಿ ಸರ್. ಅವತ್ತಿನ ನಿಮ್ಮ ಮುಖ ಮಾತ್ರ ನೆನಪದ” ಎಂದ. ಮಾತಿನಲ್ಲಿ ಕಹಿಯಿರಲಿಲ್ಲ. ಆದರೆ ನನ್ನ ಪಾಠದ ಫಲಿತಾಂಶ ನನ್ನೆದುರು ನಿಂತಿತ್ತು. ಹಕ್ಕಿ ಮರೆತುಹೋಗಿತ್ತು, ಹಿಂಸೆ ಉಳಿದಿತ್ತು.

ಕೆಲವು ದಿನಗಳ ನಂತರ ಸೇಡಂ ತಾಲ್ಲೂಕಿನ ಮಳಖೇಡಕ್ಕೆ ಹೋದೆ. ಮನಸ್ಸು ಕಲಕಿದಾಗ ಬಸದಿಗೆ ಹೋಗಿ ಕೂರುವುದು ನನ್ನ ರೂಢಿ. ಕಾಗಿಣಾ ದಂಡೆಯ ಈ ಊರೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ರಾಜಧಾನಿ. ಅವನು ಗುರುವೆಂದು ಗೌರವಿಸಿದ ಆದಿಪುರಾಣಕರ್ತ ಜಿನಸೇನಾಚಾರ್ಯರ ಹೆಸರಿನೊಡನೆ ಬೆಸೆದುಕೊಂಡ ನೆಲ. ಇಲ್ಲಿನ ಪುರಾತನ ಬಸದಿ ಇಪ್ಪತ್ತೆರಡನೆಯ ತೀರ್ಥಂಕರ ನೇಮಿನಾಥರದು. ಕರುಣೆಯ ಪಾಠಕ್ಕೆ ನೇಮಿನಾಥರ ಚರಿತೆಗಿಂತ ಹಿರಿದಾದುದು ನನಗೆ ತಿಳಿಯದು.

ನೇಮಿಕುಮಾರ ಶ್ರೀಕೃಷ್ಣನ ದಾಯಾದಿ ಸಹೋದರ. ರಾಜೀಮತಿಯೊಡನೆ ವಿವಾಹ ನಿಶ್ಚಯವಾಗಿ, ದಿಬ್ಬಣ ಗಿರಿನಗರವನ್ನು ಸಮೀಪಿಸಿತ್ತು. ದಾರಿಯ ಬದಿಯಲ್ಲಿ ಕೂಡಿಹಾಕಿದ್ದ ಪ್ರಾಣಿಗಳ ಆರ್ತನಾದ ಅವನ ಕಿವಿಗೆ ಬಿತ್ತು. ಇವನ್ನೇಕೆ ಕಟ್ಟಿದ್ದಾರೆಂದು ಸಾರಥಿಯನ್ನು ಕೇಳಿದ. ಮದುವೆಯ ಔತಣಕ್ಕಾಗಿ ಎಂಬ ಉತ್ತರ ಬಂದಿತು. ನೇಮಿಕುಮಾರ ರಥವನ್ನು ಹಿಂದಿರುಗಿಸಿದ. ಊರ್ಜಯಂತಗಿರಿಗೆ ತೆರಳಿ ದೀಕ್ಷೆ ವಹಿಸಿದ. ರಾಜೀಮತಿಯೂ ಮುಂದೆ ಅದೇ ದಾರಿಯನ್ನು ಹಿಡಿದಳು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಆರ್ತನಾದ ದಿಬ್ಬಣದಲ್ಲಿದ್ದ ಎಲ್ಲರಿಗೂ ಕೇಳಿಸಿರಬೇಕು. ವಾದ್ಯಘೋಷದ ನಡುವೆ ಅದಕ್ಕೆ ಕಿವಿಗೊಟ್ಟವನು ಒಬ್ಬನೇ. ಆ ಪ್ರಾಣಿಗಳನ್ನು ಕಟ್ಟಿದವನು ನೇಮಿಕುಮಾರನಲ್ಲ, ಕೊಲ್ಲಲು ಹೇಳಿದವನೂ ಅಲ್ಲ. ಆದರೂ ತನ್ನ ನಿಮಿತ್ತವಾಗಿ ಒಂದು ಜೀವಕ್ಕೆ ನೋವಾಗುವುದಾದರೆ ಅದು ತನ್ನದೇ ಹೊಣೆಯೆಂದು ಅವನು ತಿಳಿದ. ಅವನು ಕಟ್ಟಿದವರ ಮೇಲೆ ಕೋಪಿಸಿಕೊಳ್ಳಲಿಲ್ಲ, ಯಾರನ್ನೂ ದಂಡಿಸಲಿಲ್ಲ. ಹಿಂದಿರುಗಿಸಿದ್ದು ತನ್ನ ರಥವನ್ನು. ಒಡೆದ ಮೊಟ್ಟೆಗಳ ಮುಂದೆ ನಾನು ನಿಂತಾಗ ನನ್ನ ಕಿವಿಗೂ ನೋವಿನ ದನಿ ಬಿದ್ದಿತ್ತು. ಆದರೆ ನಾನು ರಥವನ್ನು ಹುಡುಗನ ಮೇಲೆ ಹರಿಸಿದೆ.

ಜೈನಾಚಾರ್ಯರು ಹಿಂಸೆಯನ್ನು ದ್ರವ್ಯಹಿಂಸೆ, ಭಾವಹಿಂಸೆ ಎಂದು ವಿಭಜಿಸಿದರು. ಪ್ರಾಣಹರಣ ದ್ರವ್ಯಹಿಂಸೆ, ಅದಕ್ಕೆ ಮೂಲವಾದ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳು ಮನದಲ್ಲಿ ಎದ್ದರೆ ಅದೇ ಭಾವಹಿಂಸೆ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನು, ಎಂದರೆ ಕಷಾಯಕ್ಕೆ ವಶವಾದ ಎಚ್ಚರಗೇಡಿತನವನ್ನು, ಮೊದಲಿಗೇ ಇಟ್ಟಿದ್ದಾರೆ. ನಮ್ಮ ತೊಗರಿ ನಾಡಿನ ರೈತ ನೇಗಿಲು ಹೂಡಿದಾಗ ಮಣ್ಣಿನ ಎಷ್ಟೋ ಜೀವಗಳು ಸಾಯುತ್ತವೆ. ಅದು ಜೀವನೋಪಾಯದ ಉದ್ಯೋಗೀ ಹಿಂಸೆ. ಅವನ ಸಂಕಲ್ಪ ಕೊಲ್ಲುವುದಲ್ಲ, ಬೆಳೆಯುವುದು. ಗೃಹಸ್ಥನು ಮೊದಲು ಬಿಡಬೇಕಾದುದು ಸಂಕಲ್ಪೀ ಹಿಂಸೆಯನ್ನು.

ಈ ಸಂಕಲ್ಪದ ಭಾರವೆಷ್ಟೆಂಬುದನ್ನು ಯಶೋಧರನ ಕಥೆ ತಿಳಿಸುತ್ತದೆ. ಕನ್ನಡಿಗರಿಗೆ ಅದು 1209ರಲ್ಲಿ ಜನ್ನ ಕವಿ ರಚಿಸಿದ ಯಶೋಧರ ಚರಿತೆಯಿಂದ ಚಿರಪರಿಚಿತ. ಜನ್ನನಿಗಿಂತ ಎರಡು ಶತಮಾನಗಳಿಗೂ ಹಿಂದೆ, ಹತ್ತನೆಯ ಶತಮಾನದಲ್ಲಿ, ಇದೇ ಮಾನ್ಯಖೇಟದಲ್ಲಿದ್ದ ಪುಷ್ಪದಂತ ಮಹಾಕವಿ ಆ ಕಥೆಯನ್ನು ಅಪಭ್ರಂಶದಲ್ಲಿ ಹೇಳಿದ್ದ. ಪ್ರಾಣಿಬಲಿಗೆ ಒಪ್ಪದ ಯಶೋಧರ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ. ಜೀವವಿಲ್ಲದ ಹಿಟ್ಟು, ಆದರೆ ಕೈಯೆತ್ತಿದ ಮನಸ್ಸಿನಲ್ಲಿ ಕೊಲ್ಲುವ ಭಾವವಿತ್ತು. ಅದಕ್ಕಾಗಿ ತಾಯಿ ಮಗ ಇಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲಿದರು. ಪುಷ್ಪದಂತ ಬದುಕಿದ್ದ ಕಾಲದಲ್ಲೇ, 972ರಲ್ಲಿ, ಪರಮಾರರ ಸೀಯಕ ಮಾನ್ಯಖೇಟವನ್ನು ಸೂರೆಗೊಂಡ. ಆ ವೈಭವದ ಅರಮನೆಗಳು ಇಂದಿಲ್ಲ. ಹಿಟ್ಟಿನ ಕೋಳಿಯ ಕಥೆ ಉಳಿದಿದೆ.

ಕರುಣೆಯ ಈ ಹಾದಿ ಒಂದು ಮತಕ್ಕೆ ಸೇರಿದ್ದಲ್ಲ. ನಮ್ಮ ಕಲಬುರಗಿಯ ಶರಣಬಸವೇಶ್ವರರು ಹೊಲದ ಕಾಳಿಗೆ ಬಂದ ಹಕ್ಕಿಗಳನ್ನು ಓಡಿಸದೆ ಅವುಗಳಿಗೆ ನೀರಿಟ್ಟರೆಂದು ಜನ ಇಂದಿಗೂ ಭಕ್ತಿಯಿಂದ ಹೇಳುತ್ತಾರೆ. ಜೈನದರ್ಶನ ಆ ಹಾದಿಗೆ ನಾಲ್ಕು ಭಾವನೆಗಳನ್ನು ಕೈದೀವಿಗೆಯಾಗಿ ಕೊಟ್ಟಿದೆ: ಸಕಲ ಜೀವಿಗಳಲ್ಲಿ ಮೈತ್ರಿ, ಗುಣವಂತರಲ್ಲಿ ಪ್ರಮೋದ, ದುಃಖಿತರಲ್ಲಿ ಕಾರುಣ್ಯ, ತಿದ್ದಿಕೊಳ್ಳದವರಲ್ಲಿ ಮಾಧ್ಯಸ್ಥ್ಯ. ನಾಲ್ಕನೆಯದೇ ಅತಿ ಕಠಿಣ. ಹಕ್ಕಿಗಾಗಿ ಮರುಗುವುದು ಸುಲಭ; ಹಕ್ಕಿಗೆ ಕಲ್ಲೆಸೆದವನನ್ನೂ ದ್ವೇಷಿಸದಿರುವುದು ಸಾಧನೆ. ತಪ್ಪನ್ನು ತಿದ್ದಬಾರದೆಂದು ಇದರ ಅರ್ಥವಲ್ಲ. ಕೋಪ ಇಳಿದ ಮೇಲೆ ತಿದ್ದಬೇಕು. ಒಡೆದ ಮೊಟ್ಟೆಗಳ ಬಳಿ ಆ ಹುಡುಗನನ್ನು ಕೂರಿಸಿಕೊಂಡು, ತಾಯಿಹಕ್ಕಿ ಮರಳಿ ಬಂದು ಕೊಂಬೆಯಿಂದ ಕೊಂಬೆಗೆ ಹಾರುವುದನ್ನು ತೋರಿಸಿದ್ದರೆ ಸಾಕಿತ್ತು.

ದಶಲಕ್ಷಣ ಪರ್ವದ ಕೊನೆಗೆ ಬರುವ ಕ್ಷಮಾವಾಣಿಯಂದು ನಾವು ಎಲ್ಲ ಜೀವಿಗಳಲ್ಲಿ ಕ್ಷಮೆ ಬೇಡುತ್ತೇವೆ. ಎಂಬತ್ತನಾಲ್ಕು ಲಕ್ಷ ಯೋನಿಯ ಜೀವರಾಶಿಗೆ ಕೈಮುಗಿಯುವುದು ಕಷ್ಟವಲ್ಲ. ಹೆಸರು, ಮುಖವಿರುವ ಒಂದೇ ಒಂದು ಜೀವದ ಮುಂದೆ ಕೈಮುಗಿಯಲು ನಾಲಗೆ ತಡವರಿಸುತ್ತದೆ. ಚಂದ್ರಂಪಳ್ಳಿಯಲ್ಲಿ ಅವನೆದುರಿಗೇ ನಿಂತಿದ್ದರೂ ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ. ಆ ವರ್ಷದ ಕ್ಷಮಾವಾಣಿಯಂದು ಅವನಿಗೆ ಫೋನ್ ಮಾಡಿ, “ಅಂದು ನಾನು ಹೊಡೆದದ್ದು ತಪ್ಪು, ಕ್ಷಮಿಸು” ಎಂದೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಊಟ ಆಯ್ತೇನ್ರಿ ಸರ್?” ಎಂದು ಕೇಳಿದ.

ಆ ಪ್ರಶ್ನೆಯಲ್ಲಿ ನನಗೆ ಬೇಕಾದ ಉತ್ತರವಿತ್ತು. ನಮ್ಮೆಲ್ಲರ ಬದುಕಿನಲ್ಲೂ ಅಂಥದೊಂದು ಅಂಗೈ ಇರುತ್ತದೆ: ಮಗನದೋ ಸೊಸೆಯದೋ, ಮನೆಗೆಲಸದವರದೋ, ಮಾತುಬಿಟ್ಟ ಅಣ್ಣತಮ್ಮಂದಿರದೋ. ಇಂದು ಸಂಜೆಯ ಸಾಮಾಯಿಕದಲ್ಲಿ ಕಣ್ಮುಚ್ಚಿದಾಗ ಅದನ್ನು ನೆನೆಯೋಣ. ರಥ ಎಷ್ಟೇ ದೂರ ಬಂದಿರಲಿ, ಹಿಂದಿರುಗಿಸಲು ಅವಕಾಶ ಇದ್ದೇ ಇದೆ.