ಬೆಣ್ಣಿಹಳ್ಳಕ್ಕೆ ಬಿದ್ದ ಮುಳ್ಳುಬೇಲಿ

ನವಲಗುಂದದ ಕಡೆಯವರಿಗೆ ಬೆಣ್ಣಿಹಳ್ಳದ ಗುಣ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಬಡಪಾಯಿ. ಮೇಲಿನ ಕಡೆ ದೊಡ್ಡ ಮಳೆ ಆಯ್ತೋ, ರಾತ್ರಿ ಬೆಳಗಾಗೋದರಲ್ಲಿ ಹೊಲವೇ ಹಳ್ಳ. 2019ರ ಆಗಸ್ಟ್ ತಿಂಗಳನ್ನು ಇಲ್ಲಿ ಯಾರೂ ಮರೆತಿಲ್ಲ.

ಮಳೆ ಜೋರಿತ್ತು, ನಿಜ. ಆದರೆ ಹಳ್ಳದೊಳಗೆ ಒಮ್ಮೆ ಇಳಿದು ನೋಡಿ. ಎಷ್ಟೋ ಕಡೆ ಇಳಿಯೋಕೆ ಜಾಗವೇ ಇಲ್ಲ, ಬಳ್ಳಾರಿ ಜಾಲಿ ಹೆಣೆದುಕೊಂಡು ನಿಂತಿದೆ. ಅದರ ಬುಡದಲ್ಲಿ ಹೂಳು ಕೂಡುತ್ತದೆ, ಹಳ್ಳ ಇಕ್ಕಟ್ಟಾಗುತ್ತದೆ, ನೀರು ಪಕ್ಕದ ಎರಿ ಹೊಲಕ್ಕೆ ನುಗ್ಗುತ್ತದೆ. ಹೆಸರು, ಉಳ್ಳಾಗಡ್ಡಿ ಎಲ್ಲಾ ನೀರುಪಾಲು.

ಹೆಸರಿನಲ್ಲಿ ಬಳ್ಳಾರಿ ಇದ್ದರೂ ಇದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಡೆ. ಸಸ್ಯಶಾಸ್ತ್ರದವರು ಕರೆಯೋದು ಪ್ರೊಸೊಪಿಸ್ ಜೂಲಿಫ್ಲೋರಾ. ದಸರಾಕ್ಕೆ ನಾವು ಬಂಗಾರ ಅಂತ ಹಂಚುವ ಬನ್ನಿಗೆ ಹತ್ತಿರದ ಸಂಬಂಧಿ. 1870ರ ದಶಕದಲ್ಲಿ ಬ್ರಿಟಿಷರು ಭಾರತಕ್ಕೆ ತಂದರು. ಉದ್ದೇಶ ಕೆಟ್ಟದ್ದಲ್ಲ: ಉರುವಲು ಸಿಗಲಿ, ಬರಡು ನೆಲ ಹಸಿರಾಗಲಿ. ಉರುವಲು ಸಿಕ್ಕಿತು ಕೂಡ. ಇವತ್ತಿಗೂ ಎಷ್ಟೋ ಬಡವರ ಒಲೆ ಉರಿಯೋದು, ಇದ್ದಿಲು ಸುಡುವವರ ಹೊಟ್ಟೆ ತುಂಬೋದು ಇದರಿಂದಲೇ.

ತರುವಾಗ ಯಾರೂ ಕೇಳದ ಪ್ರಶ್ನೆ ಒಂದೇ: ಬೇಡವಾದರೆ ತೆಗೆಯೋದು ಹೇಗೆ? ಎಲೆಯನ್ನು ಕುರಿ, ಆಡು ಮುಟ್ಟೋದಿಲ್ಲ. ಕಾಯಿ ಮಾತ್ರ ಸಿಹಿ, ಚಪ್ಪರಿಸಿ ತಿನ್ನುತ್ತವೆ. ಬೀಜ ಜೀರ್ಣವಾಗದೆ ಹಿಕ್ಕೆ, ಸಗಣಿ ಜೊತೆ ಹೊರಬಂದು ಬಿದ್ದಲ್ಲೇ ಮೊಳೆಯುತ್ತದೆ. ಅಂದರೆ ಗಿಡವನ್ನು ತಿಂದು ಹತೋಟಿಗೆ ತರಬೇಕಾದ ಪ್ರಾಣಿಯೇ ಅದಕ್ಕೆ ಬಿತ್ತನೆ ಮಾಡುವ ಆಳು!

ಕೀನ್ಯಾದ ಬರಿಂಗೊದಲ್ಲೂ ಇದೇ ಗಿಡ, ಇದೇ ಕಥೆ. ಸಿಹಿ ಕಾಯಿ ತಿಂದು ತಿಂದು ಅಲ್ಲಿನ ಆಡುಗಳ ಹಲ್ಲು ಉದುರಿದವು. ಊರಿನವರು ಸರ್ಕಾರದ ಮೇಲೆ ಕೇಸ್ ಹಾಕಿ, ಹಲ್ಲಿಲ್ಲದ ಆಡನ್ನೇ ಸಾಕ್ಷಿಯಾಗಿ ಕೋರ್ಟಿಗೆ ಕರೆತಂದರು.

ನಮ್ಮಲ್ಲಿ ಕಡಿಯೋದು ಕೊಡಲಿಯಿಂದ, ನೆಲದ ಮೇಲಿಂದ. ನಮ್ಮ ಕಾಕಾ ನಗುತ್ತಾರೆ: “ತಮ್ಮಾ, ಅದು ಕಟಿಂಗ್ ಮಾಡಿಸಿದಂಗ. ಬೇರು ಕಿತ್ರನ ಅದು ಸಾಯೂದು.” ಮಾತು ಸರಿ. ಕಡಿದ ಬುಡದಿಂದ ಒಂದರ ಬದಲು ನಾಲ್ಕು ಚಿಗುರು ಏಳುತ್ತವೆ. ಬುಡಸಮೇತ ಅಗೆದು ತೆಗೆಯಬೇಕು. ಮಣ್ಣಲ್ಲಿ ಉಳಿದ ಬೀಜದಿಂದ ಬರುವ ಸಸಿಗಳನ್ನು ಮುಂದಿನ ಮಳೆಗಾಲಗಳಲ್ಲೂ ಕೀಳುತ್ತಿರಬೇಕು. ತೆರವಾದ ದಂಡೆಯಲ್ಲಿ ಹೊಂಗೆ, ಬೇವು, ಕರಿಜಾಲಿ ನೆಟ್ಟರೆ ಉರುವಲಿಗೂ ಕೊರತೆಯಿಲ್ಲ.

ನಗರದಲ್ಲಿರುವ ನಮ್ಮಂಥವರು ಊರಿಗೆ ಸಸಿ ಒಯ್ಯುತ್ತೇವೆ, ಬೇಜಾರಾದ ಅಕ್ವೇರಿಯಂ ಮೀನನ್ನು ಕೆರೆಗೆ ಬಿಡುತ್ತೇವೆ. “ಎಲ್ಲಿ ಬೇಕಾದರೂ ಬೆಳೀತೈತ್ರಿ, ನೀರೂ ಬ್ಯಾಡ” ಅಂತ ನರ್ಸರಿಯವರು ಹೊಗಳಿದಾಗಲೇ ಎಚ್ಚರಾಗಬೇಕು. ಇದು ಎಲ್ಲಿಯದು? ಬೀಜ ಹೇಗೆ ಹರಡುತ್ತದೆ? ಇದನ್ನು ತಿನ್ನುವವರು ಇಲ್ಲಿ ಯಾರಿದ್ದಾರೆ? ಉತ್ತರ ಸಿಗದಿದ್ದರೆ ಆ ಸಸಿ ಅಲ್ಲೇ ಇರಲಿ.