ವೃದ್ಧ ಮಾತಾಪಿತರ ಆರೈಕೆ: ಮನೆಯೋ, ಆರೈಕೆ ಕೇಂದ್ರವೋ?



ಕೆಲವು ತಿಂಗಳ ಹಿಂದೆ ಮಿಂಬರಿನಿಂದ ನಾವು ಒಂದು ಮಾತು ಹೇಳಿದ್ದೆವು: ಹೆತ್ತವರನ್ನು ಆಶ್ರಮಕ್ಕೆ ಸೇರಿಸುವವರು ತಮ್ಮ ಸ್ವರ್ಗದ ಬಾಗಿಲನ್ನು ತಾವೇ ಮುಚ್ಚಿಕೊಳ್ಳುತ್ತಾರೆ ಎಂದು. ನಮಾಝ್ ಮುಗಿದ ಮೇಲೆ ಮೊಹಲ್ಲಾದ ಸಹೋದರರೊಬ್ಬರು ಬಂದು ಕುಳಿತರು. ಅವರ ತಾಯಿಗೆ ಮರೆಗುಳಿತನದ ಕಾಯಿಲೆ. ರಾತ್ರಿ ಬಾಗಿಲು ತೆರೆದು ತವರಿಗೆ ಹೋಗುತ್ತೇನೆಂದು ಹೊರಟುಬಿಡುತ್ತಾರೆ. ಒಮ್ಮೆ ಗ್ಯಾಸ್ ಹಚ್ಚಿ ಹಾಗೆಯೇ ಬಿಟ್ಟಿದ್ದರು. ಪತ್ನಿಗೆ ಬೆನ್ನುನೋವು, ಅಣ್ಣ ಸೌದಿಯಲ್ಲಿ. "ಹಜರತ್, ಅಮ್ಮಿಯನ್ನು ಕೋಣೆಯಲ್ಲಿ ಬಿಟ್ಟು ಚಿಲಕ ಹಾಕುತ್ತಿದ್ದೇವೆ. ಆಶ್ರಮಕ್ಕೆ ಸೇರಿಸಿದರೆ ಗುನಾಹ್ ಅಂದಿರಿ. ಹೀಗೆ ಕೂಡಿಹಾಕುವುದು ಗುನಾಹ್ ಅಲ್ಲವೇ?" ಎಂದು ಕೇಳಿದರು.

ನಮ್ಮಲ್ಲಿ ಉತ್ತರವಿರಲಿಲ್ಲ. ಅಂದು ನಾವು ಅರ್ಧ ವಿಷಯವನ್ನಷ್ಟೇ ಹೇಳಿದ್ದೆವು. ಉಳಿದರ್ಧವನ್ನು ಈ ತಿಂಗಳ ಜುಮಾ ಖುತ್ಬಾದಲ್ಲಿ ಹೇಳಿದೆವು. ಅದರ ಸಾರ ಇಲ್ಲಿದೆ.

ಕುರ್‌ಆನಿನ ಬನೀ ಇಸ್ರಾಈಲ್ ಅಧ್ಯಾಯದ 23 ಮತ್ತು 24ನೇ ವಚನಗಳು ಹೆತ್ತವರು ನಮ್ಮ ಬಳಿಯಲ್ಲೇ ಮುಪ್ಪಿಗೆ ತಲುಪುವುದನ್ನು ಪ್ರಸ್ತಾಪಿಸುತ್ತವೆ. ಅವರ ಮುಂದೆ 'ಉಫ್' ಎನ್ನುವುದನ್ನೂ ತಡೆಯುತ್ತವೆ. ಆದ್ದರಿಂದ ಮೊದಲ ಆಯ್ಕೆ ಮನೆಯೇ. ಆದರೆ ಮನೆಯಲ್ಲಿಟ್ಟುಕೊಂಡು ಗದರಿಸುವುದು, ಒದ್ದೆ ಬಟ್ಟೆಯಲ್ಲಿ ಗಂಟೆಗಟ್ಟಲೆ ಮಲಗಿಸುವುದು, ಕೂಡಿಹಾಕುವುದು ಆ ಆಜ್ಞೆಯ ಪಾಲನೆಯಾಗದು. ಹಿರಿಯರ ದೇಹಕ್ಕೂ ಮನಸ್ಸಿಗೂ ಈಗ ಏನು ಬೇಕು ಎಂಬುದನ್ನು ಮೊದಲು ನೋಡಬೇಕು. ಎಲ್ಲಿ ಎಂಬ ಪ್ರಶ್ನೆ ಆಮೇಲೆ.

ಯಾರಿಗೆ ಯಾವುದು?

ನಾವು ಎಲ್ಲವನ್ನೂ 'ಆಶ್ರಮ' ಎಂದು ಕರೆಯುತ್ತೇವೆ. ಆದರೆ ವ್ಯವಸ್ಥೆಗಳು ಬೇರೆ ಬೇರೆ.

ಬುದ್ಧಿ ಚೆನ್ನಾಗಿದ್ದು ಹಾಸಿಗೆ ಹಿಡಿದವರಿಗೆ ಹೋಮ್ ನರ್ಸ್ ಸಹಾಯದಿಂದ ಮನೆಯೇ ಒಳ್ಳೆಯದು. ಇಂಥವರಿಗೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನು ಹುಣ್ಣಾಗುತ್ತದೆ. ಬರುವವರಿಗೆ ಇದರ ತರಬೇತಿ ಇದೆಯೇ ಎಂದು ಕೇಳಿ.

ಸಾಮಾನ್ಯ ವೃದ್ಧಾಶ್ರಮಗಳು ತಾವೇ ನಡೆದಾಡುವ, ಉಣ್ಣುವ, ಶೌಚಕ್ಕೆ ಹೋಗಬಲ್ಲ ಹಿರಿಯರಿಗಾಗಿ ಇರುವಂಥವು. ಹಾಸಿಗೆ ಹಿಡಿದವರನ್ನು ಹಲವು ಕಡೆ ಸೇರಿಸಿಕೊಳ್ಳುವುದಿಲ್ಲ.

ಮರೆಗುಳಿತನ ಇರುವವರಿಗೆ ಹಗಲು ರಾತ್ರಿ ಕಣ್ಗಾವಲು ಬೇಕು. ಅವರಿಗಾಗಿಯೇ ಇರುವ ಕೇಂದ್ರಗಳಿವೆ. ಬೆಂಗಳೂರಿನಲ್ಲಿ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಇಂಥದ್ದನ್ನು ನಡೆಸುತ್ತಿದೆ. ಹಗಲಿನಲ್ಲಿ ಮಾತ್ರ ನೋಡಿಕೊಂಡು ಸಂಜೆ ಮನೆಗೆ ಕಳಿಸುವ ಕೇಂದ್ರಗಳೂ ಇವೆ. ಎಷ್ಟೋ ಕುಟುಂಬಗಳಿಗೆ ಅಷ್ಟೇ ಸಾಕಾಗಬಹುದು.

ವಾಸಿಯಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಬೆಂಗಳೂರಿನ ಕರುಣಾಶ್ರಯ ಉಚಿತವಾಗಿ ನೋಡಿಕೊಳ್ಳುತ್ತದೆ. ನೋವು ಕಡಿಮೆ ಮಾಡುವುದೇ ಅಲ್ಲಿನ ಮುಖ್ಯ ಕೆಲಸ.

ಸೇರಿಸುವ ಮುನ್ನ

ಹಿರಿಯರಿಗೆ ತಿಳಿವಳಿಕೆ ಇದ್ದರೆ ಅವರನ್ನು ಕೇಳಿ. 'ಡಾಕ್ಟರ್ ಹತ್ತಿರ ಹೋಗೋಣ' ಎಂದು ಸುಳ್ಳು ಹೇಳಿ ಬಿಟ್ಟುಬರಬೇಡಿ.

ಕೇಂದ್ರಕ್ಕೆ ಮುಂಚಿತವಾಗಿ ತಿಳಿಸದೆ ಊಟದ ಹೊತ್ತಿಗೆ ಹೋಗಿ ನೋಡಿ. ರಾತ್ರಿ ಎಷ್ಟು ಜನ ಸಿಬ್ಬಂದಿ ಇರುತ್ತಾರೆ? ಹೆಂಗಸರಿಗೆ ಸ್ನಾನ ಮಾಡಿಸುವುದು ಹೆಂಗಸರೇ? ಹಲಾಲ್ ಊಟ, ವುಝೂಗೆ ನೀರು, ನಮಾಝ್‌ಗೆ ಜಾಗ ಇದೆಯೇ? ಆರೋಗ್ಯ ಕೆಟ್ಟರೆ ಯಾವ ಆಸ್ಪತ್ರೆ? ಮೌತ್ ಆದರೆ ಕೂಡಲೇ ಯಾರಿಗೆ ತಿಳಿಸುತ್ತಾರೆ? ಠೇವಣಿ ವಾಪಸಾಗುತ್ತದೆಯೇ? ಎಲ್ಲವನ್ನೂ ಬರವಣಿಗೆಯಲ್ಲಿ ಪಡೆಯಿರಿ.

ನಿಂತು ನಮಾಝ್ ಮಾಡಲಾಗದವರು ಕುಳಿತು, ಅದೂ ಆಗದಿದ್ದರೆ ಮಲಗಿ ಮಾಡಬಹುದೆಂದು ಸಿಬ್ಬಂದಿಗೆ ತಿಳಿಸಿ, ಕಿಬ್ಲಾದ ದಿಕ್ಕು ತೋರಿಸಿ ಬನ್ನಿ. ಬುದ್ಧಿ ಸ್ಥಿಮಿತ ಕಳೆದುಕೊಂಡವರ ಮೇಲೆ ನಮಾಝ್ ಕಡ್ಡಾಯವಿಲ್ಲ. ಅದಕ್ಕಾಗಿ ಅವರನ್ನು ಗದರಿಸಬೇಡಿ.

ಹೊಣೆ ಯಾರದು?

ನಮ್ಮ ಮನೆಗಳಲ್ಲಿ ಮಗ 'ತಾಯಿಯನ್ನು ನಾನು ನೋಡಿಕೊಳ್ಳುತ್ತೇನೆ' ಎನ್ನುತ್ತಾನೆ, ಮೈ ಒರೆಸುವುದು ಮಾತ್ರ ಸೊಸೆ. ಶರೀಅತ್‌ನಲ್ಲಿ ಹೊಣೆ ಮಕ್ಕಳದು. ಸೊಸೆ ಮಾಡುವುದು ಇಹ್ಸಾನ್. ಅದಕ್ಕೆ ಕೃತಜ್ಞತೆ ಹೇಳಬೇಕು, ಹಕ್ಕಿನಂತೆ ವಸೂಲು ಮಾಡಬಾರದು. ಗಲ್ಫ್‌ನಲ್ಲಿರುವ ಮಗ ಹಣ ಕಳಿಸಲಿ, ಊರಿನಲ್ಲಿರುವ ಮಗ ಸಮಯ ಕೊಡಲಿ, ಹೆಣ್ಣುಮಕ್ಕಳೂ ಶಕ್ತ್ಯಾನುಸಾರ ಕೈಜೋಡಿಸಲಿ. ಎಲ್ಲರೂ ಒಟ್ಟಿಗೆ ಕುಳಿತು ಇದನ್ನು ಬರೆದುಕೊಳ್ಳಲಿ.

ಕಾನೂನೂ ಇದನ್ನೇ ಹೇಳುತ್ತದೆ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಮಗನೂ ಮಗಳೂ ಹೊಣೆಗಾರರು. ಹೆತ್ತವರು ನ್ಯಾಯಮಂಡಳಿಗೆ ಅರ್ಜಿ ಹಾಕಿ ಜೀವನಾಂಶ ಕೇಳಬಹುದು. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ ರದ್ದುಪಡಿಸಲೂ ಕೋರಬಹುದು. ಹಿರಿಯರ ಸಹಾಯವಾಣಿ 14567.

ಕೇಂದ್ರಕ್ಕೆ ಸೇರಿಸಿದ ದಿನ ಕರ್ತವ್ಯ ಮುಗಿಯುವುದಿಲ್ಲ. ತಿಂಗಳ ಶುಲ್ಕ ಕಟ್ಟುವುದು ಖಿದ್ಮತ್ ಅಲ್ಲ. ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ, ಉಗುರು ಕತ್ತರಿಸಿ, ಬೆನ್ನು ನೋಡಿ, ಈದ್‌ಗೆ ಆಗುವುದಾದರೆ ಮನೆಗೆ ಕರೆತನ್ನಿ.

ಆ ಸಹೋದರರು ಈಗ ತಾಯಿಯನ್ನು ಮರೆಗುಳಿತನದವರ ಕೇಂದ್ರವೊಂದರಲ್ಲಿ ಇರಿಸಿದ್ದಾರೆ. ವಾರಕ್ಕೆರಡು ಬಾರಿ ಹೋಗುತ್ತಾರೆ. ತಾಯಿ ಅವರನ್ನು ಮಗನೆಂದು ಗುರುತಿಸುವುದಿಲ್ಲ, 'ಒಳ್ಳೆಯ ಹುಡುಗ' ಎನ್ನುತ್ತಾರಂತೆ. ಮೊಹಲ್ಲಾದಲ್ಲಿ ಅವರ ಬಗ್ಗೆ ಆಡಿಕೊಳ್ಳುವವರಲ್ಲಿ ನಮ್ಮ ವಿನಂತಿ: ನಾಲಿಗೆಗೆ ಕೆಲಸ ಕೊಡುವ ಮುನ್ನ ಒಂದು ರಾತ್ರಿ ಅಂಥ ರೋಗಿಯ ಬಳಿ ಕುಳಿತು ನೋಡಿ. ಅಂದು ನಾವೂ ಹಾಗೆ ಮಾಡಿರಲಿಲ್ಲ.

ಬಾಲ್ಯದಲ್ಲಿ ನಮ್ಮನ್ನು ಸಾಕಿದವರ ಮೇಲೆ ಅಲ್ಲಾಹನು ಕರುಣೆ ತೋರಲಿ, ಅವರ ಸೇವೆಗೆ ನಮಗೆ ತೌಫೀಕ್ ನೀಡಲಿ. ಆಮೀನ್.