ರಸದಾನಿ ಖಾಲಿ ಜಾಗವಲ್ಲ, ಕಸದ ತೊಟ್ಟಿಯೂ ಅಲ್ಲ

ಸಸ್ಯ ಜೀವಕೋಶದ ಚಿತ್ರ ಬರೆಯುವಾಗ ನಡುವೆ ಒಂದು ದೊಡ್ಡ ಜಾಗ ಬಿಟ್ಟು ‘ರಸದಾನಿ’ ಎಂದು ಹೆಸರು ಬರೆಯುವುದು ರೂಢಿ. ಬಣ್ಣವಿಲ್ಲದ ಆ ಜಾಗವನ್ನು ನೋಡಿ ನೋಡಿ, ಅಲ್ಲಿರುವುದು ಬರೀ ನೀರು, ಹೆಚ್ಚೆಂದರೆ ಒಂದಿಷ್ಟು ಕಸ ಎಂಬ ನಂಬಿಕೆ ಬಹಳ ಜನರಲ್ಲಿ ಬೇರೂರಿದೆ. ವಾಸ್ತವದಲ್ಲಿ ಗಿಡದ ಬದುಕಿನ ಬಹುಪಾಲು ಬಂಡವಾಳ ಅಲ್ಲೇ ಇದೆ.

ಬಲಿತ ಸಸ್ಯಕೋಶದ ಶೇ 90ರವರೆಗಿನ ಜಾಗವನ್ನು ಒಂದೇ ರಸದಾನಿ ಆಕ್ರಮಿಸಿಕೊಳ್ಳಬಲ್ಲದು. ಕಬ್ಬಿನ ಸಕ್ಕರೆ, ನಿಂಬೆಯ ಹುಳಿ, ಕೆಂಪು ದಾಸವಾಳದ ಬಣ್ಣ, ಬೇಳೆಕಾಳಿನ ಪ್ರೋಟೀನ್ ಇವೆಲ್ಲ ಇರುವುದು ಅದರೊಳಗೆ. ಬೀಟ್‌ರೂಟಿನ ಹೋಳುಗಳನ್ನು ತಣ್ಣೀರಿನಲ್ಲಿ ಚೆನ್ನಾಗಿ ತೊಳೆದು, ಮತ್ತೆ ತಣ್ಣೀರಿನಲ್ಲೇ ಇಟ್ಟು ನೋಡಿ. ಕತ್ತಿಗೆ ಸಿಕ್ಕ ಕೋಶಗಳ ಬಣ್ಣ ಮೊದಲೇ ಹೋಗಿರುತ್ತದೆ, ಆಮೇಲೆ ನೀರು ಹೆಚ್ಚೇನೂ ಕೆಂಪಾಗದು. ಅವೇ ಹೋಳುಗಳನ್ನು ಕುದಿಸಿದರೆ ಪಾತ್ರೆಯೆಲ್ಲ ಕೆಂಪು. ಬಣ್ಣವನ್ನು ಅಷ್ಟು ಹೊತ್ತು ಹಿಡಿದಿಟ್ಟದ್ದು ತೆಳುವಾದ ಪೊರೆಗಳು. ಬಿಸಿಗೆ ಅವು ಹರಿದವು.

ಗಿಡ ನೆಟ್ಟಗೆ ನಿಲ್ಲುವುದಕ್ಕೂ ರಸದಾನಿಯ ನೀರೇ ಬೇಕು. ಬಿಸಿಲಿಗೆ ಬಾಡಿದ ಸೊಪ್ಪು ನೀರು ಹಾಕಿದ ಮೇಲೆ ಚೇತರಿಸಿಕೊಳ್ಳುವುದು, ಆ ನೀರಿನ ಒತ್ತಡ ಕೋಶಭಿತ್ತಿಯನ್ನು ಮತ್ತೆ ಬಿಗಿಗೊಳಿಸುವುದರಿಂದ.

ಇನ್ನು ಕಸದ ಮಾತು. ಪತ್ರೊಡೆ ಮಾಡುವವರಿಗೆ ಕೆಸುವಿನ ಎಲೆಯ ತುರಿಕೆ ಗೊತ್ತು. ಅದಕ್ಕೇ ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸುತ್ತಾರೆ. ಆ ಎಲೆಯ ಕೆಲವು ಕೋಶಗಳ ರಸದಾನಿಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಸೂಜಿಗಳು ಕಟ್ಟುಕಟ್ಟಾಗಿರುತ್ತವೆ. ಇದನ್ನು ಗಿಡ ಹೊರಹಾಕಲಾಗದೆ ಇಟ್ಟುಕೊಂಡ ತ್ಯಾಜ್ಯ ಎನ್ನುವವರಿದ್ದಾರೆ. ಆದರೆ ಹೆಚ್ಚುವರಿ ಕ್ಯಾಲ್ಸಿಯಂ ಅನ್ನು ಬದಿಗಿಡುವ ದಾರಿಯೂ ಇದೇ, ಎಲೆ ಮೇಯಲು ಬಂದ ಪ್ರಾಣಿಯ ಬಾಯಿಗೆ ಚುಚ್ಚುವ ಆಯುಧವೂ ಇದೇ.

ಪ್ರಾಣಿಕೋಶಗಳಲ್ಲಿ ರಸದಾನಿಯೇ ಇಲ್ಲ ಎನ್ನುವುದೂ ಪೂರ್ತಿ ಸರಿಯಲ್ಲ. ಅಲ್ಲಿ ಅವು ಚಿಕ್ಕವು, ಹೆಚ್ಚಾಗಿ ತಾತ್ಕಾಲಿಕ. ಪ್ರಾಣಿದೇಹದ ದಾಸ್ತಾನಿನ ಕ್ರಮವೇ ಬೇರೆ: ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್, ಕೊಬ್ಬಿನ ಕೋಶದಲ್ಲಿ ಕೋಶಕೇಂದ್ರವನ್ನೇ ಅಂಚಿಗೆ ತಳ್ಳುವಷ್ಟು ದೊಡ್ಡ ಕೊಬ್ಬಿನ ಹನಿ. ಒಂಟೆಯ ಡುಬ್ಬದಲ್ಲಿ ಇರುವುದೂ ಕೊಬ್ಬೇ, ನೀರಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸಿರುವುದು ಪ್ರಾಣಿಕೋಶದೊಳಗಿನ ಕಿಣ್ವಗಳ ಚೀಲವಾದ ಲೈಸೋಸೋಮ್‌ಗೆ ಅಂಟಿರುವ ‘ಆತ್ಮಹತ್ಯಾ ಚೀಲ’ ಎಂಬ ಹೆಸರು. 1955ರಲ್ಲಿ ಕ್ರಿಶ್ಚಿಯನ್ ಡಿ ಡ್ಯೂವ್ ಗುರುತಿಸಿದ ಈ ಚೀಲದ ದಿನನಿತ್ಯದ ಕೆಲಸ ಕೋಶವನ್ನು ಕೊಲ್ಲುವುದಲ್ಲ. ಸವೆದ ಮೈಟೋಕಾಂಡ್ರಿಯಾ, ಕೆಟ್ಟ ಪ್ರೋಟೀನ್‌ಗಳನ್ನು ಅದು ಬಿಡಿಬಿಡಿಯಾಗಿ ಒಡೆದು, ಆ ತುಣುಕುಗಳನ್ನು ಮರುಬಳಕೆಗೆ ಕೊಡುತ್ತದೆ. ಈಸ್ಟ್‌ನಲ್ಲಿ ಇದೇ ಕೆಲಸ ರಸದಾನಿಯಲ್ಲಿ ನಡೆಯುತ್ತದೆ. ಈಸ್ಟ್ ಕೋಶಗಳಲ್ಲಿ ಅದರ ಗುಟ್ಟು ಬಿಡಿಸಿದ ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರ ನೊಬೆಲ್ ಬಂತು. ಲೈಸೋಸೋಮ್‌ನ ಒಂದೇ ಒಂದು ಕಿಣ್ವ ಕೆಟ್ಟರೂ ಏನಾಗುತ್ತದೆ ಎಂಬುದಕ್ಕೆ ಪೊಂಪೆ ಕಾಯಿಲೆ ಸಾಕ್ಷಿ: ಒಡೆಯದ ಗ್ಲೈಕೋಜನ್ ತುಂಬಿಕೊಂಡು ಮಗುವಿನ ಸ್ನಾಯುಗಳು, ಹೃದಯ ಸೋಲುತ್ತವೆ. ಜೀವಶಾಸ್ತ್ರ ಕಲಿಸುವ ಮೇಷ್ಟ್ರುಗಳು ಆ ಹೆಸರನ್ನು ಬಾಯಿಪಾಠ ಮಾಡಿಸುವ ಮುನ್ನ ಈ ಕೆಲಸವನ್ನು ಮಕ್ಕಳಿಗೆ ವಿವರಿಸಲಿ.